ಎತ್ತು ಏರಿಗೆ, ಕೋಣ ನೀರಿಗೆ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಹುಟ್ಟಿದ್ದು ಹೊಲದಲ್ಲಿ. ಆದರೆ ಅದು ಹೆಚ್ಚಾಗಿ ಬಳಕೆಯಾಗುತ್ತಿರುವುದು ಮನೆಯಲ್ಲಿ. ಒಬ್ಬರಿಗೆ ಬೆಳಗಿನ ಐದು ಗಂಟೆಗೆ ಏಳದಿದ್ದರೆ ದಿನವೇ ಕೆಟ್ಟಂತೆ. ಮತ್ತೊಬ್ಬರಿಗೆ ರಾತ್ರಿ ಹನ್ನೆರಡು ಹೊಡೆಯದೆ ಕಣ್ಣು ಮುಚ್ಚದು. ಒಬ್ಬರು ಬಿಡಿಕಾಸಿಗೂ ಲೆಕ್ಕ ಬರೆದಿಡುವವರು. ಮತ್ತೊಬ್ಬರು ಬಾಗಿಲಿಗೆ ಬಂದ ಬಳೆಗಾರನನ್ನು ಬರಿಗೈಯಲ್ಲಿ ಕಳುಹಿಸಲಾರದವರು. ಇಂತಹ ಇಬ್ಬರನ್ನು ಒಂದೇ ನೊಗಕ್ಕೆ ಕಟ್ಟಿದ ವಿಧಿಯ ವಿನೋದವನ್ನು ನೆನೆದು ನಗದ ಗೃಹಸ್ಥನಾಗಲಿ ಗೃಹಿಣಿಯಾಗಲಿ ಈ ಪತ್ರಿಕೆಯ ವಾಚಕವರ್ಗದಲ್ಲಿ ಇರಲಾರರು.

ಜಾತಕ ಕೂಡಿಸುವ ಜೋಯಿಸರು ಹೊಂದಿಕೆಯನ್ನು ಹುಡುಕುತ್ತಾರೆ. ಕಥೆ ಕಟ್ಟುವವರಾದರೋ ವಿರೋಧವನ್ನೇ ಹುಡುಕುತ್ತಾರೆ. ಬೂದಿ ಬಳಿದುಕೊಂಡು ಸ್ಮಶಾನದಲ್ಲಿ ಅಲೆಯುವ ವರನಿಗಾಗಿ ಪರ್ವತರಾಜನ ಮಗಳು ತಪಸ್ಸು ಮಾಡಿದಳೆಂಬ ಕಥೆಯನ್ನು ಕೇಳುತ್ತ ಬೆಳೆದ ನಮಗೆ ಇದು ಹೊಸದಲ್ಲ. ಆದರೆ ಇಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ. ವಿರುದ್ಧ ಸ್ವಭಾವದವರು ಒಲಿಯುವುದು ಹೇಗೆಂಬುದನ್ನು ಎಲ್ಲ ಕಥೆಗಳೂ ಹೇಳುತ್ತವೆ. ಒಲಿದ ಮೇಲೆ ಅವರು ಬಾಳುವುದು ಹೇಗೆ? ಒಬ್ಬರು ಸೋತು ಮತ್ತೊಬ್ಬರಂತಾಗಬೇಕೆ? ಅಥವಾ ಬೇರೆ ದಾರಿ ಏನಾದರೂ ಉಂಟೆ? ಈ ಪ್ರಶ್ನೆಗೆ ಒಳ್ಳೆಯ ಉತ್ತರವೊಂದನ್ನು ಕೊಟ್ಟ ಕೊರಿಯಾ ದೇಶದ ಒಂದು ಧಾರಾವಾಹಿಯನ್ನು ಕುರಿತು ಈ ತಿಂಗಳು ನಾಲ್ಕು ಮಾತು ಬರೆಯುತ್ತೇನೆ.

ಕೊರಿಯಾದ ಧಾರಾವಾಹಿಗಳು ನಮ್ಮ ಮನೆಗಳೊಳಕ್ಕೆ ಬಂದು ಕೆಲವು ವರ್ಷಗಳಾದವು. ಮೊದಲು ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು ತಮ್ಮ ಮೊಬೈಲುಗಳಲ್ಲಿ ನೋಡುತ್ತಿದ್ದರು. ಬರಬರುತ್ತ ಅವರ ತಾಯಂದಿರು ಹೆಗಲ ಮೇಲಿಂದ ಇಣುಕಿದರು. ಈಗ ಅಜ್ಜಿಯರೂ ಮುಂದಿನ ಕಂತು ಯಾವಾಗ ಎಂದು ಕೇಳುತ್ತಿದ್ದಾರೆ. ನಾನು ಹೇಳಹೊರಟಿರುವ ಧಾರಾವಾಹಿಗೆ ಇಂಗ್ಲಿಷಿನಲ್ಲಿ 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು' ಎಂದು ಹೆಸರು. ಕೊರಿಯಾ ಭಾಷೆಯ ಮೂಲ ಹೆಸರಿಗೆ 'ಪ್ರೇಮದ ಅನಿರೀಕ್ಷಿತ ಇಳಿತ' ಎಂದು ಅರ್ಥ ಹೇಳಬಹುದು. ಇಳಿಯಬಾರದ ಸ್ಥಳದಲ್ಲಿ ವಿಮಾನ ಇಳಿದಂತೆ ಎಂದು ಭಾವ. ೨೦೧೯ರ ಡಿಸೆಂಬರ್ ೧೪ರಿಂದ ೨೦೨೦ರ ಫೆಬ್ರುವರಿ ೧೬ರವರೆಗೆ ದಕ್ಷಿಣ ಕೊರಿಯಾದ ಟಿವಿಎನ್ ವಾಹಿನಿಯಲ್ಲಿ ೧೬ ಕಂತುಗಳಾಗಿ ಬಂದ ಇದು ನೆಟ್‌ಫ್ಲಿಕ್ಸಿನ ಮೂಲಕ ಲೋಕವನ್ನೆಲ್ಲ ಸುತ್ತಿತು. ಕೊನೆಯ ಕಂತನ್ನು ಅಲ್ಲಿನ ಪ್ರೇಕ್ಷಕ ಕುಟುಂಬಗಳಲ್ಲಿ ನೂರಕ್ಕೆ ೨೧ಕ್ಕಿಂತ ಹೆಚ್ಚು ಮಂದಿ ನೋಡಿದರೆಂದು ಲೆಕ್ಕ. ಆ ವಾಹಿನಿಯ ಮಟ್ಟಿಗೆ ಅದುವರೆಗೆ ಅದೇ ಎಲ್ಲಕ್ಕಿಂತ ದೊಡ್ಡ ಸಂಖ್ಯೆಯಾಗಿತ್ತು.

ಇದನ್ನು ಬರೆದಾಕೆ ಪಾರ್ಕ್ ಜಿಯುನ್. ನಿರ್ದೇಶಿಸಿದಾತ ಲೀ ಜಂಗ್‌ಹ್ಯೋ. ಹೊಂದದವರನ್ನು ಹೊಂದಿಸುವುದು ಈ ಲೇಖಕಿಗೆ ಕೈಗೂಡಿದ ವಿದ್ಯೆ. ಆಕೆಯ ೨೦೧೩ರ ಕಥೆಯೊಂದರಲ್ಲಿ ಬೇರೊಂದು ನಕ್ಷತ್ರಲೋಕದಿಂದ ಬಂದವನಿಗೂ ಭೂಲೋಕದ ನಟಿಗೂ ಪ್ರೇಮ. ೨೦೧೬ರ ಮತ್ತೊಂದರಲ್ಲಿ ಮತ್ಸ್ಯಕನ್ಯೆಗೂ ಜನರನ್ನು ವಂಚಿಸಿ ಬದುಕುವ ಚತುರನಿಗೂ ಪ್ರೇಮ. ನಕ್ಷತ್ರವೂ ಸಮುದ್ರವೂ ಮುಗಿದ ಮೇಲೆ ಆಕೆ ಇನ್ನೂ ದೂರದ ಜೋಡಿಯನ್ನು ಹುಡುಕಿದಳು. ಅದು ಸಿಕ್ಕಿದ್ದು ಆಕೆಯ ಸ್ವದೇಶದಲ್ಲಿಯೇ, ರಾಜಧಾನಿಯಿಂದ ಕೆಲವೇ ಹರದಾರಿಯ ಆಚೆ.

ಕಥೆಯ ಸಾರಾಂಶ ಹೀಗಿದೆ. ದಕ್ಷಿಣ ಕೊರಿಯಾದ ಮಹಾ ಶ್ರೀಮಂತ ಮನೆತನವೊಂದರ ಮಗಳು ಯೂನ್ ಸೇರಿ. ತಾನೇ ಒಂದು ವ್ಯಾಪಾರವನ್ನು ಕಟ್ಟಿ ಬೆಳಸಿದವಳು. ಮಾತಿನಲ್ಲಿ ಚುರುಕು, ಊಟದಲ್ಲಿ ಮೂರು ತುತ್ತು, ರಾತ್ರಿ ನಿದ್ದೆಯಿಲ್ಲ, ಮನೆಯಲ್ಲಿ ನಂಬುವವರಿಲ್ಲ. ಪ್ಯಾರಾಗ್ಲೈಡಿಂಗ್ ಎಂಬ, ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಹಾರುವ ಆಟದಲ್ಲಿದ್ದಾಗ ಸುಂಟರಗಾಳಿ ಎದ್ದು ಆಕೆಯನ್ನು ಗಡಿಯಾಚೆಗೆ ಕೊಂಡೊಯ್ದು ಒಂದು ಮರಕ್ಕೆ ಸಿಕ್ಕಿಸುತ್ತದೆ. ಮರದ ಕೆಳಗೆ ಬಂದೂಕು ಹಿಡಿದು ನಿಂತವನು ಉತ್ತರ ಕೊರಿಯಾದ ಸೇನೆಯ ಕ್ಯಾಪ್ಟನ್ ರೀ ಜಂಗ್‌ಹ್ಯೋಕ್. ಮಾತು ಕಡಿಮೆ, ನಿಯಮ ಹೆಚ್ಚು, ಸುಳ್ಳು ಹೇಳಿ ಅಭ್ಯಾಸವಿಲ್ಲ. ತಪ್ಪಿಸಿಕೊಳ್ಳಲು ಓಡಿದ ಆಕೆ ದಾರಿ ತಪ್ಪಿ ದಕ್ಷಿಣಕ್ಕೆ ಬದಲಾಗಿ ಉತ್ತರಕ್ಕೇ ಓಡಿ, ಆತನಿರುವ ಹಳ್ಳಿಗೇ ಬಂದು ಮುಟ್ಟುತ್ತಾಳೆ. ರಾತ್ರಿ ಮನೆಮನೆಯ ತಪಾಸಣೆ ಬಂದಾಗ, ಸುಳ್ಳೇ ಬಾರದ ಆ ಕ್ಯಾಪ್ಟನ್ ಎಲ್ಲರೆದುರಿಗೆ ಒಂದು ಭಾರೀ ಸುಳ್ಳನ್ನು ಹೇಳುತ್ತಾನೆ: ಈಕೆ ನನಗೆ ನಿಶ್ಚಯವಾದ ಹೆಣ್ಣು! ಅಲ್ಲಿಂದ ವಿನೋದಕ್ಕೆ ಕೊನೆಯಿಲ್ಲ. ನಿಜವಾಗಿಯೇ ನಿಶ್ಚಯವಾಗಿದ್ದ ಕನ್ಯೆಯೊಬ್ಬಳು ವಿದೇಶದಿಂದ ಹಿಂದಿರುಗುತ್ತಾಳೆಂದ ಮೇಲೆ ಹೇಳತಕ್ಕದ್ದೇನು?

ಹ್ಯೂನ್ ಬಿನ್ ಎಂಬಾತ ಕ್ಯಾಪ್ಟನ್ ಆಗಿಯೂ ಸನ್ ಯೇಜಿನ್ ಎಂಬಾಕೆ ಸೇರಿಯಾಗಿಯೂ ಅಭಿನಯಿಸಿದ್ದಾರೆ. ಇವರಿಬ್ಬರೂ ೨೦೨೨ರ ಮಾರ್ಚ್ ೩೧ರಂದು ನಿಜಜೀವನದಲ್ಲಿಯೂ ಮದುವೆಯಾದದ್ದರಿಂದ ಕಥೆಗೆ ಒಂದು ಉಪಸಂಹಾರವೇ ದೊರಕಿದಂತಾಯಿತೆಂದು ಅಭಿಮಾನಿಗಳು ಸಂತೋಷಪಟ್ಟರು. ನಾಯಕಿಯ ಹೆಸರನ್ನು ಕೇಳಿದ ಕನ್ನಡಿಗರಿಗಂತೂ ಮೊದಲೇ ಕಥೆಯ ಅಂತ್ಯ ತಿಳಿದುಬಿಡುತ್ತದೆ. ನಮ್ಮ ಭಾಷೆಯಲ್ಲಿ 'ಸೇರಿ' ಎಂದರೆ ಏನೆಂದು ಬೇರೆ ಹೇಳಬೇಕೆ?

ಇಷ್ಟನ್ನು ಕೇಳಿ, ಇದೂ ಒಂದು ಶ್ರೀಮಂತ ಹುಡುಗಿ ಬಡ ಹುಡುಗರ ಕಥೆಯೇ ಎಂದು ವಾಚಕರು ಮೂಗು ಮುರಿಯಬಾರದು. ಇಲ್ಲಿ ಇಬ್ಬರ ನಡುವೆ ಇರುವುದು ಹಣದ ಅಂತರವಲ್ಲ. ಆತನ ತಂದೆಯೂ ಆ ರಾಜ್ಯದಲ್ಲಿ ಅತಿ ದೊಡ್ಡ ಪದವಿಯಲ್ಲಿರುವವನೇ. ನಡುವೆ ಇರುವುದು ನೆಲದ ಮೇಲಿನ ಗಡಿ. ೧೯೪೫ರಲ್ಲಿ ಜಪಾನಿನ ಆಳ್ವಿಕೆ ಕೊನೆಗೊಂಡಾಗ ಹೊರಗಿನ ಎರಡು ಮಹಾಶಕ್ತಿಗಳು ನಕ್ಷೆಯ ಮೇಲೆ ೩೮ನೆಯ ಅಕ್ಷಾಂಶರೇಖೆಯನ್ನು ಹಿಡಿದು ಕೊರಿಯಾವನ್ನು ಎರಡಾಗಿ ಹಂಚಿಕೊಂಡವು. ೧೯೪೮ರಲ್ಲಿ ಎರಡು ರಾಜ್ಯಗಳಾದವು. ೧೯೫೦ರ ಜೂನ್ ೨೫ರಂದು ಯುದ್ಧ ಹತ್ತಿತು. ೧೯೫೩ರ ಜುಲೈ ೨೭ರಂದು ಕದನವಿರಾಮಕ್ಕೆ ರುಜುವಾಯಿತು. ಶಾಂತಿಯ ಒಪ್ಪಂದ ಮಾತ್ರ ಇಂದಿಗೂ ಆಗಿಲ್ಲ. ಸುಮಾರು ೨೫೦ ಕಿಲೋಮೀಟರ್ ಉದ್ದ, ೪ ಕಿಲೋಮೀಟರ್ ಅಗಲದ ಒಂದು ಪಟ್ಟಿ, ಎರಡೂ ಬದಿ ಮುಳ್ಳುತಂತಿ, ಒಳಗೆ ನೆಲಬಾಂಬುಗಳು: ಇದೇ ಆ ಗಡಿ. ಗಂಡ ಒಂದು ಕಡೆ, ಹೆಂಡತಿ ಮತ್ತೊಂದು ಕಡೆ ಉಳಿದುಹೋದ ಸಂಸಾರಗಳು ಅಸಂಖ್ಯ. ೨೦೦೦ದಿಂದ ೨೦೧೮ರವರೆಗೆ ೨೧ ಸಲ ಅಂತಹ ಕೆಲವು ಕುಟುಂಬದವರನ್ನು ಎದುರುಬದುರಾಗಿ ಕೂರಿಸಿ ಮಾತನಾಡಿಸಿದರು. ಐವತ್ತು ಅರವತ್ತು ವರ್ಷಗಳ ತರುವಾಯ ಕೆಲವು ಗಂಟೆಗಳ ಭೇಟಿ. ಆಮೇಲೆ ಮತ್ತೆ ತಂತಿಯ ಆಚೆ ಅವರು, ಈಚೆ ಇವರು.

ಈ ಗಡಿಗೂ ನಮ್ಮ ನಾಡಿಗೂ ಒಂದು ನಂಟಿದೆ. ಕದನವಿರಾಮವಾದಾಗ, ಸೆರೆ ಸಿಕ್ಕಿದ ಸೈನಿಕರಲ್ಲಿ ಅನೇಕ ಸಹಸ್ರ ಮಂದಿ ತಮ್ಮ ಸ್ವಂತ ಪಕ್ಷಕ್ಕೆ ಹಿಂದಿರುಗಲು ಒಪ್ಪಲಿಲ್ಲ. ಅವರ ಮನಸ್ಸನ್ನು ವಿಚಾರಿಸಿ ತೀರ್ಮಾನಿಸಲು ಐದು ತಟಸ್ಥ ರಾಷ್ಟ್ರಗಳ ಒಂದು ಆಯೋಗ ಏರ್ಪಟ್ಟಿತು. ಅದರ ಅಧ್ಯಕ್ಷರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ. ಎಸ್. ತಿಮ್ಮಯ್ಯನವರು. ಆ ಸೆರೆಯಾಳುಗಳಲ್ಲಿ ೮೮ ಮಂದಿ ಉತ್ತರವೂ ಬೇಡ, ದಕ್ಷಿಣವೂ ಬೇಡ, ಚೀನವೂ ಬೇಡವೆಂದು ಹೇಳಿ ೧೯೫೪ರಲ್ಲಿ ಭಾರತಕ್ಕೆ ಬಂದರು. ಅವರಲ್ಲಿ ಹಲವರು ಮುಂದೆ ದಕ್ಷಿಣ ಅಮೆರಿಕದ ದೇಶಗಳಿಗೆ ಹೋಗಿ ನೆಲೆಸಿದರು. ಎರಡು ಪಕ್ಷಗಳ ಜಗಳದಲ್ಲಿ ಮೂರನೆಯ ನೆಲವೊಂದನ್ನು ಹುಡುಕಬೇಕಾಗಿ ಬಂದ ಈ ೮೮ ಮಂದಿಯನ್ನು ವಾಚಕರು ದಯಮಾಡಿ ನೆನಪಿನಲ್ಲಿಡಬೇಕು. ಕಥೆಯ ಕೊನೆಯಲ್ಲಿ ಇದೇ ಪ್ರಶ್ನೆ ಮತ್ತೆ ಬರುತ್ತದೆ.

ಈಗ ವಿನೋದದ ಕಡೆಗೆ ಹೋಗೋಣ. ಕೊರಿಯಾದಲ್ಲಿ 'ಗಂಡೆಂದರೆ ದಕ್ಷಿಣದವನು, ಹೆಣ್ಣೆಂದರೆ ಉತ್ತರದವಳು' ಎಂಬರ್ಥದ ಒಂದು ಹಳೆಯ ಮಾತಿದೆ. ಚೆಲುವಿನಲ್ಲಿ ಅವರೇ ಮೇಲೆಂದು ತಾತ್ಪರ್ಯ. ಲೇಖಕಿ ಇದನ್ನು ತಲೆಕೆಳಗು ಮಾಡಿ ಉತ್ತರದ ಗಂಡನ್ನೂ ದಕ್ಷಿಣದ ಹೆಣ್ಣನ್ನೂ ತಂದು ನಿಲ್ಲಿಸಿದ್ದಾಳೆ. ಸೇರಿಗೆ ಸ್ನಾನಕ್ಕೆ ಬಿಸಿನೀರು ಬೇಕು, ತಲೆಗೆ ಹಚ್ಚಲು ಬೇರೆ ಬೇರೆ ಸಾಬೂನು ಬೇಕು, ಮಲಗುವಾಗ ಸುವಾಸನೆಯ ಮೇಣದಬತ್ತಿ ಬೇಕು. ಆತನ ಮನೆಯಲ್ಲಿ ವಿದ್ಯುಚ್ಛಕ್ತಿ ಹೇಳದೆ ಕೇಳದೆ ನಿಂತುಹೋಗುತ್ತದೆ. ಮಾಂಸವನ್ನು ಉಪ್ಪಿನ ಜಾಡಿಯಲ್ಲಿ ಹೂತಿಡುತ್ತಾರೆ. ಆಕೆ ಪಟ್ಟಿ ಹೇಳುತ್ತಾಳೆ. ಆತ ಮುಖ ಗಂಟಿಕ್ಕಿಕೊಂಡು ಕೇಳುತ್ತಾನೆ. ಆತನ ಕೈಕೆಳಗಿನ ಸಿಪಾಯಿಗಳಲ್ಲಿ ಪ್ಯೋ ಚಿಸು ಎಂಬ ಒರಟನಿಗೂ ಆಕೆಗೂ ದಿನ ಬೆಳಗಾದರೆ ವಾಗ್ಯುದ್ಧ. ಕಿಮ್ ಜುಮೊಕ್ ಎಂಬ ಮತ್ತೊಬ್ಬ ದಕ್ಷಿಣದ ಧಾರಾವಾಹಿಗಳನ್ನು ಕದ್ದು ನೋಡಿ ಅಲ್ಲಿನ ರೀತಿನೀತಿಗಳನ್ನೆಲ್ಲ ಕಲಿತಿರುವ ಪಂಡಿತ. ಆಕೆ ಏನು ಹೇಳಿದರೂ ಅದಕ್ಕೆ ಟೀಕೆ ಬರೆಯುವ ಮಲ್ಲಿನಾಥನೇ ಅವನು. ಉತ್ತರದಲ್ಲಿ ಹೀಗೆ ನೋಡುವುದು ಹಾಸ್ಯದ ವಿಷಯವಲ್ಲವೆಂಬುದನ್ನೂ ಹೇಳಬೇಕು. ಈ ಧಾರಾವಾಹಿ ಮುಗಿದ ವರ್ಷವೇ, ೨೦೨೦ರ ಡಿಸೆಂಬರಿನಲ್ಲಿ, ಅಲ್ಲಿ ಇಂತಹ ಪರಸಂಸ್ಕೃತಿಯ ವಸ್ತುಗಳಿಗೆ ಉಗ್ರಶಿಕ್ಷೆ ವಿಧಿಸುವ ಕಾನೂನು ಬಂದಿತು.

ನನಗೆ ಮುಖ್ಯವಾಗಿ ಕಂಡದ್ದು ಅಡಿಗೆಯ ಮನೆ. ನಾಯಕ ಪ್ರೇಮವನ್ನು ಮಾತಿನಲ್ಲಿ ಹೇಳುವುದಕ್ಕೆ ಬಹಳ ಮೊದಲೇ ಕೆಲಸದಲ್ಲಿ ಹೇಳಿಬಿಡುತ್ತಾನೆ. ಹಸಿದು ಬಂದ ಆ ಅಪರಿಚಿತೆಗೆ ತಾನೇ ಹಿಟ್ಟು ನಾದಿ, ನಮ್ಮ ಶ್ಯಾವಿಗೆ ಒರಳಿನಂತಹ ಒತ್ತುಗೆಯಲ್ಲಿ ಒತ್ತಿ, ಬಿಸಿಬಿಸಿಯಾಗಿ ಎಳೆಗಳನ್ನು ಬೇಯಿಸಿ ಬಡಿಸುತ್ತಾನೆ. ಬೆಳಿಗ್ಗೆ ಕಾಫಿಯಿಲ್ಲದೆ ತನ್ನಿಂದಾಗದೆಂದು ಆಕೆ ಗೊಣಗಿದಾಗ ಸುಮ್ಮನೆ ಕೇಳಿಸಿಕೊಂಡವನು, ಸಂತೆಯಿಂದ ಹಸಿಯ ಕಾಫಿಬೀಜ ತಂದು, ಕಬ್ಬಿಣದ ಕಡಾಯಿಯಲ್ಲಿ ಹುರಿದು, ಕೈಯಾರೆ ಪುಡಿಮಾಡಿ, ಸೋಸಿ ಮುಂದಿಡುತ್ತಾನೆ. ಕಾಫಿಬೀಜ ಹುರಿಯುವ ಮನೆಯಲ್ಲಿ ಬೆಳೆದ ನಮ್ಮ ವಾಚಕರಿಗೆ ಆ ದೃಶ್ಯದ ಪರಿಮಳವೂ ತಿಳಿದೀತು.

ಮೇಣದಬತ್ತಿಯ ಪ್ರಸಂಗವನ್ನು ಎಷ್ಟು ಸಲ ಹೇಳಿದರೂ ಬೇಸರವಾಗದು. ಆಕೆ ಸುವಾಸನೆಯ ಬತ್ತಿಯನ್ನು ಕೇಳಿದ್ದಳು. ಆತ ತಂದದ್ದು ದೀಪ ಹೋದಾಗ ಹಚ್ಚುವ ಸಾಧಾರಣ ಬತ್ತಿ. ಆತನಿಗೆ ವ್ಯತ್ಯಾಸವೇ ಗೊತ್ತಿರಲಿಲ್ಲ. ಇನ್ನೊಂದು ದಿನ ಆಕೆ ಸಂತೆಯಲ್ಲಿ ದಾರಿ ತಪ್ಪುತ್ತಾಳೆ. ಕತ್ತಲಾಗಿದೆ, ಸುತ್ತ ಗುರುತಿಲ್ಲದ ಮುಖಗಳು. ಅಷ್ಟರಲ್ಲಿ ಜನರ ತಲೆಗಳ ಮೇಲೆ ಒಂದು ಪುಟ್ಟ ಜ್ಯೋತಿ. ಕ್ಯಾಪ್ಟನ್ ಒಂದು ಬತ್ತಿಯನ್ನು ಹಚ್ಚಿ, ಆಕೆಗೆ ಕಾಣಲೆಂದು ಕೈಯೆತ್ತಿ ಹಿಡಿದು ನಿಂತಿದ್ದಾನೆ. ಆಕೆ ಹತ್ತಿರ ಬಂದಾಗ ಆತ ಕೇಳುವುದಿಷ್ಟೆ: ಈ ಸಲ ಸುವಾಸನೆಯದೇ ತಂದಿದ್ದೇನೆ, ಸರಿಯಾಯಿತೆ? ಒಲವೆಂದರೆ ಮತ್ತೊಬ್ಬರಿಗೆ ಬೇಕಾದುದರ ಹೆಸರನ್ನು ಸರಿಯಾಗಿ ಕಲಿಯುವುದೆಂದು ಇಲ್ಲಿ ಲೇಖಕಿ ಯಾವ ಉಪದೇಶವೂ ಇಲ್ಲದೆ ತೋರಿಸಿದ್ದಾಳೆ.

ಆಕೆಯೂ ಬರಿಯ ಪಡೆಯುವವಳಾಗಿ ಉಳಿಯುವುದಿಲ್ಲ. ಆತ ಆಕೆಗೊಂದು ಟೊಮೇಟೊ ಸಸಿಯನ್ನು ಕೊಟ್ಟು, ದಿನಕ್ಕೆ ಹತ್ತು ಒಳ್ಳೆಯ ಮಾತುಗಳನ್ನು ಅದಕ್ಕೆ ಹೇಳಬೇಕೆಂದು ವಿಧಿಸುತ್ತಾನೆ. ನೌಕರರನ್ನು ಗದರಿಸಿ ಅಭ್ಯಾಸವಾದ ಆ ವ್ಯಾಪಾರಗಾರ್ತಿ ಸಸಿಯ ಮುಂದೆ ಕುಳಿತು ಒಳ್ಳೆಯ ಮಾತುಗಳನ್ನು ಹುಡುಕಾಡುತ್ತಾಳೆ. ಹಾಗೆ ಹುಡುಕುತ್ತ ಆಕೆಯ ಮಾತೇ ಮೃದುವಾಗುತ್ತದೆ. ಮೂರು ತುತ್ತಿಗೆ ತಟ್ಟೆ ಸರಿಸುತ್ತಿದ್ದವಳು ಸಿಪಾಯಿಗಳ ಜೊತೆ ಬಯಲಿನಲ್ಲಿ ಕುಳಿತು, ಅವರು ಬೆಂಕಿಯಲ್ಲಿ ಸುಟ್ಟ ಚಿಪ್ಪುಮೀನನ್ನು ತೃಪ್ತಿಯಾಗಿ ತಿನ್ನುತ್ತಾಳೆ. ಊಟದ ರುಚಿ ಅರ್ಧ ಜೊತೆಯವರಲ್ಲಿದೆ ಎಂಬುದು ನಮಗೆಲ್ಲ ಗೊತ್ತಿದ್ದರೂ ಶ್ರೀಮಂತರಿಗೆ ಅದು ತಡವಾಗಿ ತಿಳಿಯುತ್ತದೆ.

ಹಳ್ಳಿಯ ಹೆಂಗಸರ ಪಾತ್ರಗಳು ಈ ಕೃತಿಯ ಅತ್ಯುತ್ತಮ ಭಾಗವೆಂದರೆ ಅತಿಶಯೋಕ್ತಿಯಾಗಲಾರದು. ಸೇನಾಧಿಕಾರಿಗಳ ಹೆಂಡಿರಾದ ಇವರು ಹೊಸಬಳನ್ನು ಮೊದಲು ಶಂಕೆಯಿಂದ ನೋಡುತ್ತಾರೆ. ಆಮೇಲೆ ಕೆಲಸಕ್ಕೆ ಕರೆಯುತ್ತಾರೆ. ಕಡೆಗೆ ತಮ್ಮವಳನ್ನಾಗಿ ಮಾಡಿಕೊಳ್ಳುತ್ತಾರೆ. ಚಳಿಗಾಲಕ್ಕೆ ಮುಂಚೆ ಕೇರಿಯ ಹೆಂಗಸರೆಲ್ಲ ಸೇರಿ ಕಿಮ್ಚಿ ಹಾಕುವುದು ಕೊರಿಯಾದ ಪದ್ಧತಿ. ಕೋಸನ್ನು ಉಪ್ಪಿನಲ್ಲಿ ನೆನೆಸಿ, ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿಗಳನ್ನು ಎಲೆಯೆಲೆಗೂ ಸವರಿ, ಜಾಡಿಗಳಲ್ಲಿ ತುಂಬಿ ನೆಲದಲ್ಲಿ ಹೂತಿಡುತ್ತಾರೆ. ನಮ್ಮಲ್ಲಿ ಬೇಸಿಗೆಯಲ್ಲಿ ಮಾವಿನಮಿಡಿ ಬಂದಾಗ ಇರುವಂತೆಯೇ ಕೈತುಂಬ ಕೆಲಸ, ಬಾಯಿತುಂಬ ಮಾತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಯುನೆಸ್ಕೋ ಸಂಸ್ಥೆ ಮಾನವಕುಲದ ಪರಂಪರೆಗಳ ಪಟ್ಟಿಯಲ್ಲಿ ೨೦೧೩ರಲ್ಲಿ ದಕ್ಷಿಣ ಕೊರಿಯಾದ ಕಿಮ್ಚಿ ಪದ್ಧತಿಯನ್ನೂ ೨೦೧೫ರಲ್ಲಿ ಉತ್ತರ ಕೊರಿಯಾದ ಕಿಮ್ಚಿ ಪದ್ಧತಿಯನ್ನೂ ಬೇರೆ ಬೇರೆಯಾಗಿ ಸೇರಿಸಿತು. ಒಂದೇ ಅಜ್ಜಿಯ ಕೈಗುಣಕ್ಕೆ ಇಬ್ಬರು ಮೊಮ್ಮಕ್ಕಳು ಎರಡು ಹಕ್ಕುಪತ್ರ ಮಾಡಿಸಿಕೊಂಡಂತೆ! ಉತ್ತರದ ಕಿಮ್ಚಿಗೆ ಉಪ್ಪುಖಾರ ಕಡಿಮೆ, ನೀರು ಹೆಚ್ಚು ಎನ್ನುತ್ತಾರೆ. ವ್ಯತ್ಯಾಸವಿರುವುದು ಅಷ್ಟೇ, ಜಾಡಿ ಒಂದೇ.

ಮತ್ತೊಂದು ಪ್ರಸಂಗ. ಇಬ್ಬರೂ ಪ್ಯೊಂಗ್‌ಯಾಂಗಿಗೆ ಹೋಗುವಾಗ ವಿದ್ಯುತ್ತು ನಿಂತು ರೈಲು ಬಯಲಿನ ನಡುವೆ ನಿಂತುಬಿಡುತ್ತದೆ. ಪ್ರಯಾಣಿಕರೆಲ್ಲ ಇಳಿದು ಬೆಂಕಿ ಹಾಕಿಕೊಂಡು ರಾತ್ರಿ ಕಳೆಯುತ್ತಾರೆ. ತಪ್ಪಿ ಹತ್ತಿದ ರೈಲೂ ಕೆಲವು ಸಲ ಸೇರಬೇಕಾದ ಊರಿಗೇ ಸೇರಿಸುತ್ತದೆಂದು ಭಾರತದಲ್ಲಿ ಒಂದು ಮಾತಿದೆಯಂತೆ ಎಂದು ಸೇರಿ ಆತನಿಗೆ ಹೇಳುತ್ತಾಳೆ. ನಮ್ಮ ಗಾದೆಗಳ ರಾಶಿಯಲ್ಲಿ ಅದನ್ನು ಹುಡುಕುವವರು ಶ್ರಮಪಡಬೇಕಾಗಿಲ್ಲ. ಅದು ೨೦೧೩ರ 'ದಿ ಲಂಚ್ ಬಾಕ್ಸ್' ಎಂಬ ಹಿಂದೀ ಚಲನಚಿತ್ರದಲ್ಲಿ ಬರುವ ಮಾತು. ಗಂಡನಿಗೆಂದು ಕಳುಹಿಸಿದ ಊಟದ ಡಬ್ಬಿ ಬೇರೊಬ್ಬನ ಮೇಜಿಗೆ ಹೋಗಿ ಮುಟ್ಟುವ ಮುಂಬಯಿಯ ಕಥೆ ಅದು. ನಮ್ಮ ದೇಶದ ಡಬ್ಬಿಯ ಕಥೆ ಕೊರಿಯಾದ ರೈಲಿನ ಕಥೆಗೆ ಹೀಗೆ ಒಂದು ತುತ್ತು ಕೊಟ್ಟಿರುವುದು ಸಂತೋಷದ ಸಂಗತಿ.

ಹಲವು ಪ್ರಯತ್ನಗಳು ಕೆಟ್ಟು, ಕೊನೆಗೆ ಕ್ಯಾಪ್ಟನ್ ತಾನೇ ಆಕೆಯನ್ನು ಗಡಿಯವರೆಗೆ ನಡೆಸಿಕೊಂಡು ಬರುತ್ತಾನೆ. ಗೆರೆಯ ಬಳಿ ನಿಂತು, ಇದರಾಚೆಗೆ ತಾನು ಬರಲಾರೆನೆನ್ನುತ್ತಾನೆ. ಆಕೆ ನಾಲ್ಕು ಹೆಜ್ಜೆ ಹೋದ ಮೇಲೆ, ಒಂದು ಹೆಜ್ಜೆಗೇನಾದೀತು ಎಂದು ತಾನೇ ಗೆರೆ ದಾಟಿಬಿಡುತ್ತಾನೆ. ಆ ಒಂದು ಹೆಜ್ಜೆಗೇ ಈ ಧಾರಾವಾಹಿಯ ಹೆಸರು ಸಲ್ಲಬೇಕಾಗಿತ್ತು. ಏಕೆಂದರೆ ಬಹುಪಾಲು ಕಥೆಗಳು ಇಲ್ಲಿಯೇ ಮುಗಿದುಹೋಗುತ್ತವೆ: ಪರಸ್ಥಳದಲ್ಲಿ ಸಿಕ್ಕಿಬಿದ್ದ ಹೆಣ್ಣು, ಕಾಪಾಡಿದ ಗಂಡು, ಬೀಳ್ಕೊಡುಗೆ. ಪಾರ್ಕ್ ಜಿಯುನ್ ಇಲ್ಲಿಗೆ ಅರ್ಧವನ್ನಷ್ಟೇ ಮುಗಿಸಿ, ಆಟವನ್ನು ತಿರುಗಿಸುತ್ತಾಳೆ. ಆಕೆಯ ಪ್ರಾಣಕ್ಕೆ ಅಪಾಯವಿದೆಯೆಂದು ತಿಳಿದು ಕ್ಯಾಪ್ಟನ್ ಸುರಂಗದ ಮೂಲಕ ದಕ್ಷಿಣಕ್ಕೆ ಬರುತ್ತಾನೆ. ಅವನನ್ನು ಹುಡುಕಿಕೊಂಡು ಅವನ ಸಿಪಾಯಿಗಳೂ ಬರುತ್ತಾರೆ. ಈಗ ದಾರಿ ತಿಳಿಯದವನು ಆತ. ಅನ್ನ ಬಡಿಸುವವಳು ಆಕೆ. ಉತ್ತರದ ಸಿಪಾಯಿಗಳು ಸೋಲಿನ ಬೀದಿಗಳಲ್ಲಿ ಕಣ್ಣರಳಿಸಿ ತಿರುಗುವುದೂ, ಹುರಿದ ಕೋಳಿಯನ್ನು ಮನೆಬಾಗಿಲಿಗೆ ತಂದುಕೊಡುತ್ತಾರೆಂದು ಬೆರಗಾಗುವುದೂ, ಜುಮೊಕ್ ತಾನು ಕದ್ದು ನೋಡುತ್ತಿದ್ದ ಧಾರಾವಾಹಿಯ ನಾಯಕಿಯಾದ ಚೊಯ್ ಜಿಯೂಳನ್ನು ಪ್ರತ್ಯಕ್ಷ ಕಂಡು ಮೂಕನಾಗುವುದೂ ನಗೆಯ ಜೊತೆಗೆ ಕಣ್ಣನ್ನೂ ತೇವಗೊಳಿಸುತ್ತವೆ.

ತಾನು ಉತ್ತರಕ್ಕೆ ಹಿಂದಿರುಗಲೇಬೇಕೆಂದು ಬಲ್ಲ ನಾಯಕ, ಹೋಗುವುದಕ್ಕೆ ಮೊದಲು ಆಕೆಯ ಮನೆಯಲ್ಲಿ ಎರಡು ಕೆಲಸ ಮಾಡಿಟ್ಟಿರುತ್ತಾನೆ. ಮುಂದಿನ ಒಂದು ವರ್ಷದ ಕಾಲ ಆಕೆಯ ಮೊಬೈಲಿಗೆ ಒಂದೊಂದಾಗಿ ತಲುಪುವಂತೆ ಸಂದೇಶಗಳನ್ನು ಬರೆದಿಟ್ಟಿರುತ್ತಾನೆ. ಅವುಗಳಲ್ಲಿ ಊಟ ಮಾಡು, ನಿದ್ದೆ ಮಾಡು ಎಂಬ ಮನೆಯ ಮಾತುಗಳೇ ಹೆಚ್ಚು. ಎರಡನೆಯದಾಗಿ, ಆಕೆಯ ಕಪಾಟಿನ ಪುಸ್ತಕಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿರುತ್ತಾನೆ. ಪುಸ್ತಕಗಳ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಓದಿದರೆ ಆಕೆಯ ಹೆಸರೂ, ತಾನು ಆಕೆಯನ್ನು ಪ್ರೀತಿಸುತ್ತೇನೆಂಬ ಮಾತೂ ಹೊರಡುತ್ತವೆ. ಬಾಯಿ ಬಾರದ ಗಂಡಸರಿಗೆ ಇದೊಂದು ಒಳ್ಳೆಯ ಪಾಠ. ಮನೆಯಲ್ಲಿ ಪುಸ್ತಕಗಳಿರಬೇಕೆಂಬುದು ಮಾತ್ರ ನಿಯಮ.

ದೋಷಗಳಿಲ್ಲವೆ? ಇವೆ. ಕಾಕತಾಳೀಯಗಳು ಮಿತಿಮೀರಿವೆ, ನಾಯಕ ನಾಯಕಿಯರು ಹಿಂದೊಮ್ಮೆ ಸ್ವಿಟ್ಜರ್ಲೆಂಡಿನಲ್ಲಿ ಪರಸ್ಪರ ಅರಿಯದೆಯೇ ಹತ್ತಿರ ಬಂದಿದ್ದರೆಂಬುದನ್ನು ಒಪ್ಪುವುದಕ್ಕೆ ದೊಡ್ಡ ಮನಸ್ಸು ಬೇಕು. ಕೊಲೆಗಡುಕನ ಬೆನ್ನಟ್ಟುವಿಕೆ ಹಲವು ಕಂತುಗಳನ್ನು ತಿಂದಿದೆ. ಇವಕ್ಕಿಂತ ಗುರುತರವಾದ ಆಕ್ಷೇಪಣೆಯೊಂದು ದಕ್ಷಿಣ ಕೊರಿಯಾದಲ್ಲಿಯೇ ಹುಟ್ಟಿತು. ಶತ್ರುರಾಜ್ಯವನ್ನು ಚೆಲುವಾಗಿ ತೋರಿಸಲಾಗಿದೆಯೆಂದು ಅಲ್ಲಿನ ಸಣ್ಣ ರಾಜಕೀಯ ಪಕ್ಷವೊಂದು ೨೦೨೦ರ ಜನವರಿಯಲ್ಲಿ ಪೋಲೀಸರಿಗೆ ದೂರನ್ನೇ ಕೊಟ್ಟಿತು. ೧೯೯೦ರ ದಶಕದ ಕ್ಷಾಮದಲ್ಲಿ ಉತ್ತರದಲ್ಲಿ ಲಕ್ಷಾಂತರ ಜನ ಸತ್ತರು; ಸೆರೆಶಿಬಿರಗಳು ಇಂದಿಗೂ ಇವೆ; ಇವು ಈ ಕಥೆಯಲ್ಲಿ ನೆರಳಾಗಿ ಮಾತ್ರ ಸುಳಿಯುತ್ತವೆ. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಲೇಖಕಿ ಉತ್ತರದಿಂದ ತಪ್ಪಿಸಿಕೊಂಡು ಬಂದ ಕ್ವಾಕ್ ಮೂನ್‌ವಾನ್ ಎಂಬಾತನನ್ನು ತನ್ನ ಬರಹದ ಬಳಗದಲ್ಲಿಯೇ ಸೇರಿಸಿಕೊಂಡು ಅಲ್ಲಿನ ನಿತ್ಯಜೀವನವನ್ನು ಕೇಳಿ ತಿಳಿದು ಬರೆದಳೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಂತೆಯಲ್ಲಿ ದಕ್ಷಿಣದ ಸಾಮಾನುಗಳನ್ನು 'ಕೆಳಗಿನ ಕೇರಿಯದು' ಎಂದು ಪಿಸುಗುಟ್ಟಿ ಮಾರುವ ಅಂಗಡಿಯವಳು, ಸರ್ಕಾರದ ಅಪ್ಪಣೆಯಿಂದ ನೆರೆಯವರ ಮಾತನ್ನು ಕದ್ದು ಕೇಳುವ ಕೆಲಸದಲ್ಲಿ ಒಳಗೊಳಗೇ ಬೇಯುವ ಜಂಗ್ ಮಾನ್‌ಬೊಕ್ ಎಂಬ ಬಡವ, ಇಂತಹವರನ್ನು ಕಂಡಾಗ ಆ ನಾಡಿನ ಭಯವೂ ನಮಗೆ ತಿಳಿದೇ ತಿಳಿಯುತ್ತದೆ.

ಈಗ ಮೊದಲು ಕೇಳಿದ ಪ್ರಶ್ನೆಗೆ ಬರುತ್ತೇನೆ. ಕಥೆಯ ಕೊನೆಯಲ್ಲಿ ಗಡಿ ಅಳಿಯುವುದಿಲ್ಲ. ಆಕೆ ಉತ್ತರದವಳಾಗಲಿಲ್ಲ, ಆತ ದಕ್ಷಿಣದವನಾಗಲಿಲ್ಲ. ಆಕೆ ತನ್ನ ವ್ಯಾಪಾರವನ್ನು ನಡೆಸಿಕೊಂಡೇ ಇದ್ದಾಳೆ. ಆತ ಸೇನೆಯನ್ನು ಬಿಟ್ಟು, ಎಳೆತನದಲ್ಲಿ ಕಲಿತು ಕೈಬಿಟ್ಟಿದ್ದ ಪಿಯಾನೋ ವಾದ್ಯಕ್ಕೆ ಹಿಂದಿರುಗಿದ್ದಾನೆ. ಇಬ್ಬರೂ ಸ್ವಿಟ್ಜರ್ಲೆಂಡಿನಲ್ಲಿ ವರ್ಷಕ್ಕೆ ಎರಡು ವಾರ ಮಾತ್ರ ಕೂಡಿರುತ್ತಾರೆ. ಆ ೮೮ ಮಂದಿಯಂತೆ ಇವರೂ ಮೂರನೆಯ ನೆಲವೊಂದನ್ನು ಹುಡುಕಿಕೊಂಡರು. ತಿಮ್ಮಯ್ಯನವರ ಆಯೋಗದಲ್ಲಿ ಕುಳಿತಿದ್ದ ತಟಸ್ಥ ರಾಷ್ಟ್ರಗಳಲ್ಲಿ ಸ್ವಿಟ್ಜರ್ಲೆಂಡೂ ಒಂದೆಂಬುದನ್ನು ನೆನೆದರೆ ಈ ಅಂತ್ಯ ಇನ್ನಷ್ಟು ಉಚಿತವಾಗಿ ತೋರುತ್ತದೆ. ಆ ದೇಶದ ಇಸೆಲ್ಟ್‌ವಾಲ್ಡ್ ಎಂಬ ಸರೋವರತೀರದ ಪುಟ್ಟ ಹಳ್ಳಿಯಲ್ಲಿ ನಾಯಕ ಪಿಯಾನೋ ನುಡಿಸಿದ ಕಟ್ಟೆಯನ್ನು ನೋಡಲು ಬರುವವರ ನೂಕುನುಗ್ಗಲನ್ನು ತಡೆಯಲಾರದೆ, ೨೦೨೩ರಲ್ಲಿ ಹಳ್ಳಿಯವರು ತಲೆಗೆ ೫ ಫ್ರಾಂಕ್ ಸುಂಕವನ್ನೇ ಹಾಕಿದರು. ಪ್ರೇಮಕ್ಕೆ ಸುಂಕವಿಲ್ಲವೆನ್ನುವವರು ಅಲ್ಲಿಗೆ ಹೋಗಿ ನೋಡಬಹುದು.

ವರ್ಷದಲ್ಲಿ ಎರಡು ವಾರವೆಂದರೆ ಸಂಸಾರವೆ ಎಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ನಮಗೆ ಹೇಳಿಕೊಳ್ಳಬೇಕಾದ ಮಾತು ಬೇರೆಯಿದೆ. ಈ ಕಥೆಯಲ್ಲಿ ಇಬ್ಬರೂ ಗಡಿ ದಾಟಿದರು. ಮೊದಲು ಆಕೆ ಆತನ ನೆಲದಲ್ಲಿ ಅತಿಥಿ; ಆಮೇಲೆ ಆತ ಆಕೆಯ ನೆಲದಲ್ಲಿ ಅತಿಥಿ. ನಮ್ಮ ಮನೆಗಳಲ್ಲಿ ಮದುವೆಯ ಮರುದಿನ ಗಡಿ ದಾಟುವವಳು ಹೆಣ್ಣೊಬ್ಬಳೇ. ತವರಿನಲ್ಲಿ ಸಾರಿಗೆ ಬೆಲ್ಲ ಹಾಕುತ್ತಿದ್ದವಳು ಅತ್ತೆಯ ಮನೆಯಲ್ಲಿ ಬೆಲ್ಲವಿಲ್ಲದ ಸಾರನ್ನು ಕಲಿಯಬೇಕು. ಅಲ್ಲಿ ಸೂರ್ಯೋದಯಕ್ಕೆ ಏಳುತ್ತಿದ್ದರೆ ಇಲ್ಲಿ ಅದಕ್ಕೆ ಮೊದಲೇ ಏಳಬೇಕು. ಹಬ್ಬದ ಕ್ರಮ, ಕೂರುವ ಕ್ರಮ, ಮಾತಿನ ಧಾಟಿ, ಎಲ್ಲವೂ ಹೊಸದು. ಗಂಡನಾದರೋ ಆಕೆಯ ತವರಿಗೆ ಹೋದರೆ ಅಳಿಯದೇವರಾಗಿ ಮಣೆಯ ಮೇಲೆ ಕುಳಿತು, ಹೋಳಿಗೆ ಉಂಡು ಬರುತ್ತಾನೆ. ಅದು ಗಡಿ ದಾಟಿದಂತಾಗಲಿಲ್ಲ. ಹೆಂಡತಿ ವರ್ಷ ಹತ್ತಾದರೂ ಹೊಂದಿಕೊಳ್ಳಲಿಲ್ಲವೆಂದು ದೂರುವವರು, ತಾವು ಒಂದು ಹೆಜ್ಜೆಯಾದರೂ ಆ ಕಡೆಗೆ ಇಟ್ಟುದುಂಟೆ ಎಂಬ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳಬೇಕು.

ಎತ್ತನ್ನು ಕೋಣವನ್ನಾಗಿಯೂ ಕೋಣವನ್ನು ಎತ್ತನ್ನಾಗಿಯೂ ಮಾಡಹೊರಟವರಿಗೆ ಉಳುಮೆಯೂ ಆಗದು, ನೆಮ್ಮದಿಯೂ ಸಿಗದು. ಏರಿಗೆಳೆಯುವವನು ಒಂದು ದಿನ ನೀರಿನ ತಂಪೇನೆಂದು ನೋಡಿಬರಲಿ. ನೀರಿಗೆಳೆಯುವವಳು ಒಂದು ದಿನ ಏರಿಯ ಮೇಲಿನ ಗಾಳಿಯನ್ನು ಕುಡಿಯಲಿ. ಈ ಧಾರಾವಾಹಿಯನ್ನು ನೋಡಲು ಮನಸ್ಸುಳ್ಳವರು ಒಬ್ಬೊಬ್ಬರೇ ನೋಡದೆ ಗಂಡಹೆಂಡಿರು ಜೊತೆಯಾಗಿ ಕುಳಿತು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಒಂದೊಂದು ಕಂತೂ ಗಂಟೆಗೂ ಮೀರಿದ್ದು. ಅಂದಿನ ರಾತ್ರಿ ಕಾಫಿ ಬೇಕೆನಿಸೀತು. ಹಾಗೆನಿಸಿದಾಗ, ಅದುವರೆಗೆ ಮನೆಯಲ್ಲಿ ಕಾಫಿ ಮಾಡದವರು ಯಾರೋ, ಅವರು ಎದ್ದು ಒಳಗೆ ಹೋಗಲಿ. ಡಬ್ಬಿ ಯಾವ ಕಪಾಟಿನಲ್ಲಿದೆಯೆಂದು ಕೇಳಿ ತಿಳಿದುಕೊಂಡರೆ ಅಂದಿಗೆ ಅಷ್ಟು ಸಾಕು.